ತಂತಿ ತುಂಡಾದರೂ ಯಂತ್ರ ನಿಲ್ಲಬೇಕು: ಸಿಎನ್‌ಸಿಗೆ ಎಮರ್ಜೆನ್ಸಿ ಸ್ಟಾಪ್ ವೈರಿಂಗ್

ಕಂಪ್ಯೂಟರ್ ನಡೆಸುವ ಸಿಎನ್‌ಸಿ ರೌಟರ್ ಅಥವಾ ಮಿಲ್ಲಿಂಗ್ ಯಂತ್ರವನ್ನು ಸ್ವಂತವಾಗಿ ಕಟ್ಟುವವರು, ಹಳೆಯ ಲೇತಿಗೆ ಹೊಸ ಕಂಟ್ರೋಲರ್ ಕೂರಿಸುವವರು ಎಮರ್ಜೆನ್ಸಿ ಸ್ಟಾಪ್ ಸ್ವಿಚ್ಚನ್ನು ಸಾಮಾನ್ಯವಾಗಿ ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಪ್ಯಾನಲ್ ತುಂಬಿರುತ್ತದೆ, ಯಂತ್ರ ಓಡಲು ಶುರುವಾಗಿರುತ್ತದೆ. ಕೆಂಪು ಗುಂಡಿಯಿಂದ ಎರಡು ತಂತಿ ಎಳೆದು ಬೋರ್ಡಿನ ಮೇಲೆ ‘ಇ-ಸ್ಟಾಪ್’ ಎಂದು ಬರೆದಿರುವ ಪಿನ್ನಿಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು ಅನಿಸುತ್ತದೆ. ಒತ್ತಿ ನೋಡಿದರೆ ಯಂತ್ರ ನಿಲ್ಲುತ್ತದೆ ಕೂಡ. ಆದರೆ ಹಾಗೆ ನಿಲ್ಲುವುದು ಎಲ್ಲವೂ ಸರಿಯಿರುವಾಗ. ಆ ಗುಂಡಿ ನಿಜವಾಗಿ ಬೇಕಾಗುವುದು ಏನಾದರೊಂದು ಕೆಟ್ಟಾಗ: ಕಂಪ್ಯೂಟರ್ ಹ್ಯಾಂಗ್ ಆಗಿದೆ, ಮೋಟಾರನ್ನು ನಡೆಸುವ ಡ್ರೈವ್ ಯಾರ ಮಾತನ್ನೂ ಕೇಳದೆ ಓಡುತ್ತಿದೆ, ಬೋರ್ಡಿನ ಆ ಪಿನ್ನೇ ಸತ್ತಿದೆ.

ಹಾಗಾಗಿ ವೈರಿಂಗ್ ಮಾಡುವಾಗ ಪ್ರತಿ ತಂತಿಗೂ, ಸ್ವಿಚ್ಚಿನೊಳಗೆ ಕರೆಂಟ್ ಜೋಡಿಸಿ ಕಡಿಯುವ ಪ್ರತಿ ಕಾಂಟ್ಯಾಕ್ಟಿಗೂ ಮೂರು ಪ್ರಶ್ನೆ ಕೇಳಬೇಕು. ಇದು ತುಂಡಾದರೆ ಏನಾಗುತ್ತದೆ? ಪಕ್ಕದ ತಂತಿಗೋ ಯಂತ್ರದ ಮೈಗೋ ತಗುಲಿದರೆ ಏನಾಗುತ್ತದೆ? ಕಾಂಟ್ಯಾಕ್ಟ್ ವೆಲ್ಡ್ ಆಗಿ ಅಂಟಿಕೊಂಡರೆ ಏನಾಗುತ್ತದೆ? ಮೂರಕ್ಕೂ ಉತ್ತರ ‘ಯಂತ್ರ ನಿಲ್ಲುತ್ತದೆ’ ಎಂದಿರಬೇಕು, ಕಡೇಪಕ್ಷ ‘ಒತ್ತಿದಾಗ ಹೇಗೂ ನಿಲ್ಲುತ್ತದೆ, ಆಮೇಲೆ ಶುರುವಾಗುವುದಿಲ್ಲ’ ಎಂದಾದರೂ ಇರಬೇಕು. ಮುಂದೆ ಹೇಳುವುದೆಲ್ಲ ಈ ಮೂರು ಪ್ರಶ್ನೆಗಳ ಸುತ್ತವೇ ಇದೆ.

ಕೈ ಹಾಕುವ ಮುನ್ನ ಒಂದು ಮಾತು. ಮೇನ್ಸ್ ಕಡೆಯ ಕೆಲಸ ಗೊತ್ತಿಲ್ಲದಿದ್ದರೆ ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಗೊತ್ತಿದ್ದರೂ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಡ್ರೈವ್‌ಗಳ ಒಳಗಿನ ಕೆಪಾಸಿಟರ್ ಖಾಲಿಯಾಗಲು ಅವುಗಳ ಮೇಲೆ ಬರೆದಿರುವಷ್ಟು ನಿಮಿಷ ಕಾದು, ಮೀಟರ್ ಇಟ್ಟು ನೋಡಿದ ಮೇಲೆಯೇ ಮುಟ್ಟಿ. ಎಮರ್ಜೆನ್ಸಿ ಸ್ಟಾಪ್ ಒತ್ತಿದ ಮಾತ್ರಕ್ಕೆ ಪ್ಯಾನಲ್ ಒಳಗೆ ಕರೆಂಟ್ ಇಲ್ಲವೆಂದು ಎಂದೂ ನಂಬಬೇಡಿ. ಅದು ಇಡೀ ಪ್ಯಾನಲ್ಲಿನ ಕರೆಂಟ್ ಕಡಿಯುವ ಐಸೊಲೇಟರ್ ಅಲ್ಲ.

ಮೊದಲು ಕಾಗದದ ಮೇಲೆ: ಏನು ನಿಲ್ಲಬೇಕು, ಏನು ನಿಲ್ಲಬಾರದು

ಯಂತ್ರಗಳ ವಿದ್ಯುತ್ ವ್ಯವಸ್ಥೆಗೆ ಸಂಬಂಧಿಸಿದ ಐಇಸಿ 60204-1 ಮಾನದಂಡ ನಿಲ್ಲಿಸುವ ಬಗೆಯನ್ನು ಮೂರಾಗಿ ವಿಂಗಡಿಸುತ್ತದೆ. ಕೆಟಗರಿ 0 ಎಂದರೆ ಮೋಟಾರಿನ ಶಕ್ತಿಯನ್ನು ತಕ್ಷಣ ಕಡಿಯುವುದು. ಕೆಟಗರಿ 1 ಎಂದರೆ ಮೊದಲು ನಿಯಂತ್ರಣದಲ್ಲೇ ಬ್ರೇಕ್ ಹಾಕಿ ನಿಲ್ಲಿಸಿ, ಆಮೇಲೆ ಶಕ್ತಿ ಕಡಿಯುವುದು. ಕೆಟಗರಿ 2ರಲ್ಲಿ ನಿಂತ ಮೇಲೂ ಶಕ್ತಿ ಹಾಗೇ ಉಳಿದಿರುತ್ತದೆ. ಎಮರ್ಜೆನ್ಸಿ ಸ್ಟಾಪಿಗೆ ಮೊದಲೆರಡಕ್ಕೆ ಮಾತ್ರ ಅವಕಾಶ. ಎರಡರಲ್ಲಿ ಯಾವುದು ಎನ್ನುವುದು ನಿಮ್ಮ ಯಂತ್ರದ ಮೇಲೆ ಹೋಗುತ್ತದೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರಿನ ಚಿಕ್ಕ ರೌಟರಿಗೆ ಕೆಟಗರಿ 0 ಸಾಕು. ನಿಮಿಷಕ್ಕೆ 24,000 ಸುತ್ತು ಟೂಲ್ ತಿರುಗಿಸುವ ಸ್ಪಿಂಡಲ್ಲಿನ ಅಥವಾ ಭಾರದ ಚಕ್ ಇರುವ ಲೇತಿನ ಕರೆಂಟ್ ಮಾತ್ರ ಕಡಿದರೆ ಅದು ತನ್ನಷ್ಟಕ್ಕೆ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಅಲ್ಲಿ ಕೆಟಗರಿ 1 ಒಳ್ಳೆಯದು.

ಈಗ ಪಟ್ಟಿ ಮಾಡಿ. ಸ್ಪಿಂಡಲ್, ಎಲ್ಲ ಆಕ್ಸಿಸ್ ಡ್ರೈವ್‌ಗಳು, ಟೂಲ್ ಚೇಂಜರ್ ನಿಲ್ಲಬೇಕು. ಆದರೆ ಎಲ್ಲದರ ಕರೆಂಟನ್ನೂ ಒಟ್ಟಿಗೆ ಕಡಿಯುವುದು ಸುರಕ್ಷಿತ ಎಂದುಕೊಂಡರೆ ಅದು ತಪ್ಪು. ಮ್ಯಾಗ್ನೆಟಿಕ್ ಚಕ್, ವ್ಯಾಕ್ಯೂಮ್ ಟೇಬಲ್, ಗಾಳಿ ಒತ್ತಡದ ಕ್ಲಾಂಪ್, ಟೂಲ್ ಹಿಡಿದಿರುವ ಡ್ರಾಬಾರ್ ಇವೆಲ್ಲ ಇ-ಸ್ಟಾಪ್ ಒತ್ತಿದಾಗ ಹಿಡಿತ ಬಿಡಬಾರದು. ಬಿಟ್ಟರೆ ಇನ್ನೂ ತಿರುಗುತ್ತಿರುವ ಕಟ್ಟರ್ ಆ ತುಂಡನ್ನು ನಿಮ್ಮ ಕಡೆಗೇ ಎಸೆಯುತ್ತದೆ. ನೇರ ನಿಂತ ಝಡ್ ಆಕ್ಸಿಸ್ ಶಕ್ತಿ ಹೋದಾಗ ತನ್ನ ಭಾರಕ್ಕೇ ಕೆಳಗಿಳಿಯಬಹುದು, ಅದಕ್ಕೆ ಕರೆಂಟ್ ಹೋದಾಗ ತಾನಾಗಿ ಹಿಡಿಯುವ ಬ್ರೇಕ್ ಬೇಕು. ಕಂಟ್ರೋಲರ್, ಸ್ಥಾನ ಅಳೆಯುವ ಎನ್‌ಕೋಡರ್, ಯಂತ್ರದೊಳಗಿನ ಲೈಟು ಉರಿಯುತ್ತಿರಲಿ. ಕತ್ತಲಲ್ಲಿ, ಖಾಲಿ ಸ್ಕ್ರೀನ್ ಮುಂದೆ ನಿಂತು ಸಿಕ್ಕಿಕೊಂಡ ಕೈಯನ್ನು ಬಿಡಿಸುವ ಸ್ಥಿತಿ ಯಾರಿಗೂ ಬರಬಾರದು.

ಸ್ವಿಚ್ ಆರಿಸುವುದು

ಕೆಂಪು ಬಣ್ಣದ ಅಣಬೆ ಆಕಾರದ ಗುಂಡಿಗಳೆಲ್ಲ ಎಮರ್ಜೆನ್ಸಿ ಸ್ಟಾಪ್ ಅಲ್ಲ. ಕೊಳ್ಳುವಾಗ ಐಇಸಿ 60947-5-5 ಎಂದು ನಮೂದಾಗಿದೆಯೇ ನೋಡಿ. ಒತ್ತಿದರೆ ಒಳಗೇ ಲಾಕ್ ಆಗಿ ನಿಲ್ಲಬೇಕು. ತಿರುಗಿಸಿಯೋ ಎಳೆದೋ ಬಿಡಿಸುವವರೆಗೆ ಹೊರಬರಬಾರದು. ಕಾಂಟ್ಯಾಕ್ಟ್ ಬ್ಲಾಕಿನ ಮೇಲೆ ವೃತ್ತದೊಳಗೆ ಬಾಣದ ಗುರುತು ಇರಬೇಕು. ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೂ, ಸ್ಪ್ರಿಂಗಿನ ಭರವಸೆಯಿಲ್ಲದೆ, ನಿಮ್ಮ ಕೈಯ ಒತ್ತಡವೇ ಅದನ್ನು ನೇರವಾಗಿ ಬಿಡಿಸಿ ತೆರೆಯುತ್ತದೆ ಎಂದು ಆ ಗುರುತು ಹೇಳುತ್ತದೆ. ಗುಂಡಿ ಕೆಂಪು, ಹಿಂದಿನ ತಟ್ಟೆ ಹಳದಿ.

ಎರಡು ಎನ್‌ಸಿ ಕಾಂಟ್ಯಾಕ್ಟ್ ಇರುವುದನ್ನೇ ತೆಗೆದುಕೊಳ್ಳಿ. ಎನ್‌ಸಿ ಎಂದರೆ ಒತ್ತದಿದ್ದಾಗ ಕರೆಂಟ್ ಹರಿಯುವುದು, ಒತ್ತಿದಾಗ ಕಡಿಯುವುದು. ಇದಕ್ಕೆ ತದ್ವಿರುದ್ಧವಾದ, ಒತ್ತಿದಾಗ ಮಾತ್ರ ಕರೆಂಟ್ ಹರಿಸುವ ಎನ್‌ಒ ಕಾಂಟ್ಯಾಕ್ಟ್ ಹಾಕಿ ಅದರ ತಂತಿಯನ್ನು ಇಲಿ ಕಡಿದರೆ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ, ನೀವು ಒತ್ತುವ ದಿನ ಗೊತ್ತಾಗುತ್ತದೆ. ಎನ್‌ಸಿ ತಂತಿ ತುಂಡಾದರೆ ಯಂತ್ರ ಆ ಕ್ಷಣವೇ ನಿಲ್ಲುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. 22 ಮಿ.ಮೀ. ತೂತಿಗೆ ಕೂರುವ ಗುಂಡಿಗಳಲ್ಲಿ ತಲೆ ಬೇರೆ, ಹಿಂದೆ ಕ್ಲಿಪ್ ಆಗುವ ಕಾಂಟ್ಯಾಕ್ಟ್ ಬ್ಲಾಕ್ ಬೇರೆ. ಯಂತ್ರದ ಅದುರಿಗೆ ಅಥವಾ ಯಾರೋ ತಂತಿ ಜಗ್ಗಿದ್ದಕ್ಕೆ ಬ್ಲಾಕ್ ಕಳಚಿ ಪೆಟ್ಟಿಗೆಯೊಳಗೆ ನೇತಾಡುತ್ತಿದೆ ಎಂದುಕೊಳ್ಳಿ. ಎನ್‌ಸಿ ಕಾಂಟ್ಯಾಕ್ಟ್ ಮುಚ್ಚಿಯೇ ಇರುತ್ತದೆ, ಯಂತ್ರ ಎಂದಿನಂತೆ ಓಡುತ್ತದೆ, ಮುಂಭಾಗದ ಗುಂಡಿ ಒತ್ತಿದರೆ ‘ಟಕ್’ ಎಂದು ಲಾಕ್ ಕೂಡ ಆಗುತ್ತದೆ. ಆದರೆ ಏನೂ ನಿಲ್ಲುವುದಿಲ್ಲ. ಬ್ಲಾಕ್ ಕಳಚಿದರೆ ತಾನಾಗಿ ಸರ್ಕ್ಯೂಟ್ ತೆರೆಯುವ ಸೆಲ್ಫ್ ಮಾನಿಟರಿಂಗ್ ಬ್ಲಾಕ್‌ಗಳು ಸಿಗುತ್ತವೆ. ಅದಕ್ಕೆ ಕೊಡುವ ಹೆಚ್ಚಿನ ಹಣ ಸಾರ್ಥಕ ಎಂದೇ ನಾನು ಹೇಳುತ್ತೇನೆ.

ಜಾಗದ ವಿಷಯ ಚುಟುಕಾಗಿ: ಇ-ಸ್ಟಾಪಿನ ವಿನ್ಯಾಸದ ಬಗೆಗಿನ ಐಎಸ್‌ಒ 13850 ಪ್ರಕಾರ ನಿಂತಿರುವ ಮಟ್ಟದಿಂದ 0.6 ಮೀಟರಿಗಿಂತ ಕೆಳಗೂ ಬೇಡ, 1.7 ಮೀಟರಿಗಿಂತ ಮೇಲೂ ಬೇಡ. ತಿರುಗುವ ಟೂಲಿನ ಮೇಲಿಂದ ಕೈ ಚಾಚಿ ಒತ್ತುವಂತೆ ಇರಬಾರದು. ಕಟಿಂಗ್ ಜಾಗಕ್ಕೆ ಎರಡು ಕಡೆಯಿಂದ ಕೈ ಹೋಗುವಂತಿದ್ದರೆ ಎರಡು ಕಡೆಯೂ ಗುಂಡಿ ಹಾಕಿ. ಕಳಚಿ ಬದಿಗಿಡಬಹುದಾದ ಪೆಂಡೆಂಟಿನ (ಕೈಯಲ್ಲಿ ಹಿಡಿದು ಯಂತ್ರ ನಡೆಸುವ ಪೆಟ್ಟಿಗೆಯ) ಮೇಲಿನ ಗುಂಡಿಯೊಂದನ್ನೇ ನೆಚ್ಚಿಕೊಳ್ಳಬೇಡಿ. ಪ್ಲಗ್ ಕಿತ್ತು ಮೇಜಿನ ಮೇಲಿಟ್ಟ ಪೆಂಡೆಂಟನ್ನು ಗಾಬರಿಯಲ್ಲಿ ಒತ್ತುವವರಿಗೆ ಅದು ಸತ್ತ ಗುಂಡಿ ಎಂದು ತಿಳಿಯುವುದಿಲ್ಲ.

ಸರ್ಕ್ಯೂಟ್ ಕಟ್ಟುವುದು

ಕಂಟ್ರೋಲ್ ಸರ್ಕ್ಯೂಟಿಗೆ 24 ವೋಲ್ಟ್ ಡಿಸಿ ಬಳಸಿ. ಇಲ್ಲಿ ಮೊದಲ ತೀರ್ಮಾನ ಅರ್ಥಿಂಗ್‌ನದು. ಸಪ್ಲೈನ 0 ವೋಲ್ಟ್ ಬದಿಯನ್ನು ಒಂದು ಕಡೆ ಅರ್ಥಿಗೆ ಜೋಡಿಸಿ, ಸ್ವಿಚ್‌ಗಳನ್ನೆಲ್ಲ ಪ್ಲಸ್ ಬದಿಯಲ್ಲಿ ಹಾಕಿ, ಕಾಂಟ್ಯಾಕ್ಟರ್‌ಗಳ (ಕಾಯಿಲಿಗೆ ಕರೆಂಟ್ ಬಂದಾಗ ಪವರ್ ಜೋಡಿಸಿ, ಹೋದಾಗ ಕಡಿಯುವ ಸ್ವಿಚ್) ಕಾಯಿಲ್‌ಗಳ ಇನ್ನೊಂದು ತುದಿಯನ್ನು ನೇರ 0 ವೋಲ್ಟಿಗೆ ಕೊಡಿ. ಯಾಕೆಂದರೆ, ಸ್ವಿಚ್ಚನ್ನು 0 ವೋಲ್ಟ್ ಬದಿಯಲ್ಲಿ ಹಾಕಿದ್ದೀರಿ ಎಂದುಕೊಳ್ಳಿ. ಕಾಯಿಲ್ ಮತ್ತು ಸ್ವಿಚ್ ನಡುವಿನ ತಂತಿಯ ಇನ್ಸುಲೇಷನ್ ಸವೆದು ಯಂತ್ರದ ಕಬ್ಬಿಣಕ್ಕೆ ತಗುಲಿದರೆ, ಕಾಯಿಲಿನ ಕರೆಂಟ್ ಸ್ವಿಚ್ಚನ್ನು ತಪ್ಪಿಸಿಕೊಂಡು ಅರ್ಥ್ ಮೂಲಕ ಹರಿಯುತ್ತಲೇ ಇರುತ್ತದೆ. ಗುಂಡಿ ಒತ್ತಿದರೂ ಕಾಂಟ್ಯಾಕ್ಟರ್ ಬಿಡುವುದಿಲ್ಲ. ಅದೇ ಸ್ವಿಚ್ ಪ್ಲಸ್ ಬದಿಯಲ್ಲಿದ್ದರೆ ಅಂಥ ತಂತಿ ಕಬ್ಬಿಣಕ್ಕೆ ತಗುಲಿದೊಡನೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ, ಯಂತ್ರ ನಿಲ್ಲುತ್ತದೆ. ಖರ್ಚಿಲ್ಲದೆ ಸಿಗುವ ರಕ್ಷಣೆ ಇದು.

ಸರಳ ವಿಧಾನವೆಂದರೆ ಇ-ಸ್ಟಾಪಿನ ಎನ್‌ಸಿ ಕಾಂಟ್ಯಾಕ್ಟ್, ಸ್ಟಾರ್ಟ್ ಗುಂಡಿ, ಮತ್ತು ತನ್ನನ್ನು ತಾನೇ ಹಿಡಿದುಕೊಳ್ಳುವ ಒಂದು ಕಾಂಟ್ಯಾಕ್ಟರ್. ಏನೂ ಇಲ್ಲದಿರುವುದಕ್ಕಿಂತ, ಬೋರ್ಡಿನ ಪಿನ್ನಿಗೆ ಸಿಕ್ಕಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆ ಒಂದೇ ಕಾಂಟ್ಯಾಕ್ಟರಿನ ಮೇನ್ ಕಾಂಟ್ಯಾಕ್ಟ್ ಅಂಟಿಕೊಂಡರೆ ಇಡೀ ವ್ಯವಸ್ಥೆ ವ್ಯರ್ಥ, ಅದು ಅಂಟಿಕೊಂಡಿದೆ ಎಂದು ಮೊದಲೇ ತಿಳಿಯುವ ದಾರಿಯೂ ಇಲ್ಲ. ಬೆರಳು ಕತ್ತರಿಸಬಲ್ಲ ಯಾವ ಯಂತ್ರಕ್ಕಾದರೂ ಸೇಫ್ಟಿ ರಿಲೇ (ಗುಂಡಿಯ ತಂತಿಗಳನ್ನು ತಾನೇ ಪರೀಕ್ಷಿಸುತ್ತ ಕಾಂಟ್ಯಾಕ್ಟರ್ ನಡೆಸುವ ರಿಲೇ) ಮತ್ತು ಎರಡು ಕಾಂಟ್ಯಾಕ್ಟರ್ ಹಾಕಿ ಎನ್ನುವುದು ನನ್ನ ಖಚಿತ ಸಲಹೆ.

ಸೇಫ್ಟಿ ರಿಲೇಯ ಜೋಡಣೆ ಹೀಗಿರುತ್ತದೆ. ಟರ್ಮಿನಲ್ ಹೆಸರು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಇಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು ಬಳಸಿದ್ದೇನೆ. ನಿಮ್ಮ ರಿಲೇಯ ಕೈಪಿಡಿಯೇ ಅಂತಿಮ.

1. ಫ್ಯೂಸ್ ಮೂಲಕ 24 ವೋಲ್ಟನ್ನು ಎ1ಕ್ಕೆ, 0 ವೋಲ್ಟನ್ನು ಎ2ಕ್ಕೆ ಕೊಡಿ.

2. ಎಸ್11ರಿಂದ ಹೊರಟ ತಂತಿ ಗುಂಡಿಯ 11–12 ಕಾಂಟ್ಯಾಕ್ಟ್ ಹಾದು ಎಸ್12ಕ್ಕೆ ಮರಳಲಿ. ಇದು ಮೊದಲ ಚಾನಲ್. ಎಸ್21ರಿಂದ ಹೊರಟದ್ದು 21–22 ಹಾದು ಎಸ್22ಕ್ಕೆ ಬರಲಿ. ಇದು ಎರಡನೆಯದು. ಒಂದು ಚಾನಲ್ ಕೆಟ್ಟರೂ ಇನ್ನೊಂದು ನಿಲ್ಲಿಸುತ್ತದೆ, ಎರಡರ ನಡುವೆ ವ್ಯತ್ಯಾಸ ಕಂಡರೆ ರಿಲೇ ಮತ್ತೆ ಶುರುವಾಗಲು ಬಿಡುವುದಿಲ್ಲ. ಎರಡು ಚಾನಲ್ಲಿನ ತಂತಿಗಳು ಒಂದಕ್ಕೊಂದು ತಗುಲಿದರೂ ಕಂಡುಹಿಡಿಯುವ ಮಾದರಿಯನ್ನೇ ಆರಿಸಿ.

3. ರಿಲೇಯ 13–14 ಔಟ್‌ಪುಟ್‌ನಿಂದ ಮೊದಲ ಕಾಂಟ್ಯಾಕ್ಟರ್ ಕೆ1ರ ಕಾಯಿಲಿಗೆ, 23–24ರಿಂದ ಕೆ2ರ ಕಾಯಿಲಿಗೆ ಕೊಡಿ. ಈ ಕಾಂಟ್ಯಾಕ್ಟ್‌ಗಳ ಹಿಂದೆ ಕೈಪಿಡಿ ಹೇಳಿದ ಅಳತೆಯ ಫ್ಯೂಸ್ ಇರಲಿ. ಶಾರ್ಟ್ ಆದಾಗ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಳ್ಳದಂತೆ ಕಾಯುವುದು ಅದೇ.

4. ಡ್ರೈವ್‌ಗಳಿಗೆ ಹೋಗುವ ಪವರ್ ಲೈನ್ ಕೆ1, ಕೆ2 ಎರಡರ ಮೇನ್ ಕಾಂಟ್ಯಾಕ್ಟುಗಳನ್ನೂ ಒಂದರ ನಂತರ ಒಂದು ಹಾದು ಹೋಗಲಿ. ಒಂದು ಅಂಟಿಕೊಂಡರೂ ಇನ್ನೊಂದು ಕಡಿಯುತ್ತದೆ.

5. ರೀಸೆಟ್ ಗುಂಡಿಯ ತಂತಿಯನ್ನು ಕೆ1, ಕೆ2ರ ಎನ್‌ಸಿ ಆಕ್ಸಿಲರಿ (ಸಹಾಯಕ) ಕಾಂಟ್ಯಾಕ್ಟುಗಳ ಮೂಲಕ ರಿಲೇಯ ಸ್ಟಾರ್ಟ್ ಇನ್‌ಪುಟ್‌ಗೆ ತನ್ನಿ.

ಐದನೆಯ ಹೆಜ್ಜೆಯನ್ನು ಬಿಟ್ಟುಬಿಡುವವರೇ ಹೆಚ್ಚು, ಅದಿಲ್ಲದೆಯೂ ಯಂತ್ರ ಚೆನ್ನಾಗಿ ಓಡುತ್ತದೆ. ಆದರೆ ಕೆ1 ಅಂಟಿಕೊಂಡಿದ್ದನ್ನು ಹೇಳುವುದು ಅದೊಂದೇ. ಅಂಟಿಕೊಂಡಾಗ ಅದರ ಎನ್‌ಸಿ ಕಾಂಟ್ಯಾಕ್ಟ್ ಮುಚ್ಚುವುದಿಲ್ಲ, ರೀಸೆಟ್ ಆಗುವುದಿಲ್ಲ. ಇದಿಲ್ಲದಿದ್ದರೆ ಕೆ1 ಕೆಟ್ಟ ಮೇಲೆ ಯಂತ್ರ ಕೆ2 ಒಂದರ ಮೇಲೆ ಯಾರಿಗೂ ಗೊತ್ತಿಲ್ಲದೆ ತಿಂಗಳುಗಟ್ಟಲೆ ಓಡುತ್ತದೆ, ಅದೂ ಕೆಟ್ಟ ದಿನ ಗುಂಡಿ ಕೆಲಸ ಮಾಡುವುದಿಲ್ಲ. ಈ ಲೆಕ್ಕಾಚಾರ ಸರಿಯಾಗಿ ನಡೆಯಬೇಕಾದರೆ ಕಾಂಟ್ಯಾಕ್ಟರಿನ ಆಕ್ಸಿಲರಿ ‘ಮಿರರ್ ಕಾಂಟ್ಯಾಕ್ಟ್’ ಆಗಿರಬೇಕು, ಅಂದರೆ ಮೇನ್ ಕಾಂಟ್ಯಾಕ್ಟ್ ಒಂದಾದರೂ ಅಂಟಿಕೊಂಡಿದ್ದರೆ ಎನ್‌ಸಿ ಮುಚ್ಚಲಾಗದಂತೆ ಯಾಂತ್ರಿಕವಾಗಿ ಬೆಸೆದಿರಬೇಕು.

ಗುಂಡಿಯನ್ನು ಬಿಡಿಸಿದೊಡನೆ ಯಂತ್ರ ಹೊರಡಬಾರದು. ಬಿಡಿಸುವುದು ಒಂದು ಕ್ರಿಯೆ, ರೀಸೆಟ್ ಇನ್ನೊಂದು, ಸೈಕಲ್ ಸ್ಟಾರ್ಟ್ ಮೂರನೆಯದು. ರೀಸೆಟ್ ಒತ್ತುವ ಜಾಗದಿಂದ ಯಂತ್ರದ ಒಳಗು ಕಾಣಬೇಕು.

ಹಲವು ಗುಂಡಿಗಳಿದ್ದರೆ ಎಲ್ಲವನ್ನೂ ಸಾಲಾಗಿ ಅದೇ ಎರಡು ಚಾನಲ್ಲಿಗೆ ಸೇರಿಸಬಹುದು. ಅದರ ದೌರ್ಬಲ್ಯ ತಿಳಿದಿರಲಿ. ಮೊದಲ ಗುಂಡಿಯ ಒಂದು ಕಾಂಟ್ಯಾಕ್ಟ್ ಶಾರ್ಟ್ ಆಗಿದೆ ಎಂದುಕೊಳ್ಳಿ. ಅದನ್ನು ಒತ್ತಿದಾಗ ಒಂದೇ ಚಾನಲ್ ತೆರೆಯುತ್ತದೆ, ಯಂತ್ರ ನಿಂತು ರಿಲೇ ದೋಷ ಹಿಡಿಯುತ್ತದೆ. ಆಗ ಯಾರೋ ಬಂದು ಎರಡನೆಯ ಗುಂಡಿ ಒತ್ತಿ ಬಿಡಿಸಿದರೆ ಎರಡೂ ಚಾನಲ್ ಸರಿಯಾಗಿ ತೆರೆದು ಮುಚ್ಚಿದಂತೆ ಕಂಡು ರಿಲೇ ಸಮಾಧಾನವಾಗುತ್ತದೆ. ದೋಷ ಹಾಗೇ ಉಳಿಯುತ್ತದೆ. ರೀಸೆಟ್ ಆಗದ ಯಂತ್ರದ ಗುಂಡಿಗಳನ್ನೆಲ್ಲ ಒತ್ತಿ ನೋಡುವ ಅಭ್ಯಾಸವನ್ನು ಅದಕ್ಕೇ ಬಿಡಿಸಬೇಕು.

ಡ್ರೈವ್‌ಗಳ ಕಡೆ

ಡ್ರೈವ್ ಮತ್ತು ಮೋಟಾರಿನ ನಡುವೆ ಕಾಂಟ್ಯಾಕ್ಟರ್ ಹಾಕಬೇಡಿ. ಓಡುತ್ತಿರುವಾಗ ಅಲ್ಲಿ ಕಡಿದರೆ ಸ್ಟೆಪ್ಪರ್ ಡ್ರೈವ್ ಸುಟ್ಟುಹೋಗಬಹುದು, ಮೋಟಾರಿನ ವೇಗ ನಿಯಂತ್ರಿಸುವ ವಿಎಫ್‌ಡಿಗೂ ಪೆಟ್ಟು. ಕಡಿಯಬೇಕಾದದ್ದು ಡ್ರೈವಿಗೆ ಬರುವ ಪವರ್.

ಸ್ಟೆಪ್ಪರ್ ಡ್ರೈವ್‌ಗಳ ಪವರ್ ಸಪ್ಲೈಯ ಎಸಿ ಬದಿಯಲ್ಲಿ ಕಡಿದರೆ ಒಳಗಿನ ಕೆಪಾಸಿಟರ್‌ಗಳು ಇನ್ನೂ ಸ್ವಲ್ಪ ಹೊತ್ತು ಮೋಟಾರನ್ನು ಓಡಿಸುತ್ತವೆ. ನಿಮಿಷಕ್ಕೆ 6,000 ಮಿ.ಮೀ. ವೇಗದಲ್ಲಿ ಹೋಗುವ ಆಕ್ಸಿಸ್ ಸೆಕೆಂಡಿಗೆ 100 ಮಿ.ಮೀ. ಚಲಿಸುತ್ತದೆ, ಅರ್ಧ ಸೆಕೆಂಡ್ ತಡವಾದರೆ 50 ಮಿ.ಮೀ. ಅದಕ್ಕೆ ಪವರ್ ಕಡಿಯುವುದರ ಜತೆಗೆ ಡ್ರೈವಿಗೆ ಓಡಲು ಅನುಮತಿ ಕೊಡುವ ಎನೇಬಲ್ ಸಿಗ್ನಲನ್ನೂ ಕಾಂಟ್ಯಾಕ್ಟ್ ಮೂಲಕವೇ ತೆಗೆಯಿರಿ. ಡಿಸಿ ಬದಿಯಲ್ಲೇ ಕಡಿಯುತ್ತೀರಾದರೆ ಆ ವೋಲ್ಟೇಜಿಗೆ ಡಿಸಿ ರೇಟಿಂಗ್ ಇರುವ ಕಾಂಟ್ಯಾಕ್ಟರೇ ಬೇಕು. ಎಸಿ ಕರೆಂಟ್ ಪ್ರತಿ ಅರ್ಧ ಸೈಕಲ್ಲಿಗೆ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆ ಅನುಕೂಲವಿಲ್ಲ, ಕಿಡಿ ಎಳೆದುಕೊಂಡು ಕಾಂಟ್ಯಾಕ್ಟನ್ನೇ ಬೆಸೆದುಬಿಡುತ್ತದೆ.

ಡ್ರೈವಿನಲ್ಲಿ ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಇನ್‌ಪುಟ್ ಇದ್ದರೆ ಕೆಲಸ ಸುಲಭ. ಐಇಸಿ 61800-5-2 ಪ್ರಕಾರದ ಈ ಸೌಲಭ್ಯ ಮೋಟಾರಿಗೆ ತಿರುಗಿಸುವ ಬಲ (ಟಾರ್ಕ್) ಹುಟ್ಟದಂತೆ ಡ್ರೈವಿನ ಒಳಗೇ ತಡೆಯುತ್ತದೆ, ಸೇಫ್ಟಿ ರಿಲೇಯ ಔಟ್‌ಪುಟ್ ನೇರ ಅದಕ್ಕೆ ಕೊಡಬಹುದು. ಆದರೆ ಎಸ್‌ಟಿಒ ಬಿದ್ದ ಮೇಲೂ ಮೋಟಾರ್ ಟರ್ಮಿನಲ್ಲಿನಲ್ಲಿ ಅಪಾಯದ ವೋಲ್ಟೇಜ್ ಇರಬಹುದು. ಅದು ಬ್ರೇಕ್ ಕೂಡ ಹಾಕುವುದಿಲ್ಲ.

ಸ್ಪಿಂಡಲ್ ವಿಎಫ್‌ಡಿಗೆ ಕೆಟಗರಿ 1 ಬೇಕಾದರೆ ತಡವಾಗಿ ತೆರೆಯುವ ಔಟ್‌ಪುಟ್ ಇರುವ ಸೇಫ್ಟಿ ರಿಲೇ ತೆಗೆದುಕೊಳ್ಳಿ. ತಕ್ಷಣ ತೆರೆಯುವ ಕಾಂಟ್ಯಾಕ್ಟ್ ವಿಎಫ್‌ಡಿಯ ರನ್ ಸಿಗ್ನಲ್ ಕಡಿದು, ಬ್ರೇಕಿಂಗ್ ರೆಸಿಸ್ಟರ್ ಸಹಾಯದಿಂದ ವೇಗ ಇಳಿಸಲಿ; ನಿಗದಿಯಾದ ಸೆಕೆಂಡುಗಳ ನಂತರ ತಡದ ಕಾಂಟ್ಯಾಕ್ಟ್ ಪವರ್ ಅಥವಾ ಎಸ್‌ಟಿಒ ಕಡಿಯಲಿ. ಬ್ರೇಕ್ ಕೆಲಸ ಮಾಡಲಿ ಬಿಡಲಿ, ಆ ಎರಡನೆಯದು ಆಗಿಯೇ ತೀರಬೇಕು. ಸ್ಪಿಂಡಲ್ಲನ್ನು ಸಂದೇಶ ಕಳಿಸುವ ಮಾಡ್‌ಬಸ್ ಕೇಬಲ್ ಮೂಲಕ ನಡೆಸುತ್ತಿದ್ದರೂ ನಿಲ್ಲಿಸುವ ತಂತಿ ಪ್ರತ್ಯೇಕವಾಗಿರಲಿ, ಕೇಬಲ್ ಕಳಚಿದ ಕ್ಷಣ ‘ನಿಲ್ಲು’ ಎಂಬ ಸಂದೇಶ ತಲುಪುವುದೇ ಇಲ್ಲ. ಕರೆಂಟ್ ಮರಳಿದಾಗ ರನ್ ಸಿಗ್ನಲ್ ಇದ್ದರೆ ತಾನಾಗಿ ಓಡುವ ಪ್ಯಾರಾಮೀಟರ್ ವಿಎಫ್‌ಡಿಯಲ್ಲಿ ಆನ್ ಆಗಿದೆಯೇ ನೋಡಿ, ಇದ್ದರೆ ಆಫ್ ಮಾಡಿ.

ಕರೆಂಟ್ ಕಡಿದಾಗ ಏಳುವ ವೋಲ್ಟೇಜ್ ಅಡಗಿಸಲು ಕಾಯಿಲ್‌ಗಳ ಮೇಲೆ ಹಾಕುವ ಸರ್ಜ್ ಸಪ್ರೆಸರ್ ಕೂಡ ಸಮಯಕ್ಕೆ ಸಂಬಂಧಿಸಿದ್ದೇ. ಡಿಸಿ ಕಾಯಿಲಿಗೆ ಬರೀ ಡಯೋಡ್ ಹಾಕಿದರೆ ಕಾಂಟ್ಯಾಕ್ಟರ್ ಬಿಡುವುದು ಹಲವು ಪಟ್ಟು ನಿಧಾನವಾಗುತ್ತದೆ. ಕಾಂಟ್ಯಾಕ್ಟರ್ ತಯಾರಕರೇ ಕೊಡುವ ವ್ಯಾರಿಸ್ಟರ್ ಅಥವಾ ಝೀನರ್ ಇರುವ ಸಪ್ರೆಸರ್ ಹಾಕಿ.

ಕಂಟ್ರೋಲರಿಗೆ ತಿಳಿಸುವುದು

ಕಂಪ್ಯೂಟರಿಗೆ ಗುಂಡಿ ಒತ್ತಿದ ಸುದ್ದಿ ಗೊತ್ತಾಗಬೇಕು, ನಿಲ್ಲಿಸುವ ಹೊಣೆ ಮಾತ್ರ ಅದರದ್ದಾಗಬಾರದು. ಕೆ1ರ ಒಂದು ಎನ್‌ಒ ಆಕ್ಸಿಲರಿ ಕಾಂಟ್ಯಾಕ್ಟನ್ನು ಕಂಟ್ರೋಲರಿನ ಇನ್‌ಪುಟ್‌ಗೆ ಕೊಟ್ಟು, ಸಿಗ್ನಲ್ ಇದ್ದರೆ ‘ಸರಿ’, ಹೋದರೆ ‘ನಿಂತಿದೆ’ ಎಂದು ಹೊಂದಿಸಿ. ಲಿನಕ್ಸ್‌ಸಿಎನ್‌ಸಿ ಎಂಬ ನಿಯಂತ್ರಣ ಸಾಫ್ಟ್‌ವೇರಿನಲ್ಲಿ ಇದು ಐಒಕಂಟ್ರೋಲ್‌ನ ‘ಇಎಂಸಿ-ಎನೇಬಲ್-ಇನ್’ ಪಿನ್ನಿಗೆ ಹೋಗುತ್ತದೆ. ಜಿಆರ್‌ಬಿಎಲ್ ಎಂಬ ನಿಯಂತ್ರಣ ಸಾಫ್ಟ್‌ವೇರ್ ಹಾಕಿದ ಆರ್ಡುಯಿನೊ ಬೋರ್ಡುಗಳಲ್ಲಿ ರೀಸೆಟ್, ಫೀಡ್ ಹೋಲ್ಡ್ (ಚಲನೆ ತಡೆಹಿಡಿಯುವ) ಪಿನ್ನುಗಳು ಮೂಲ ಹೊಂದಾಣಿಕೆಯಲ್ಲಿ ಗ್ರೌಂಡಿಗೆ ತಗುಲಿದಾಗ ಮಾತ್ರ ಕೆಲಸ ಮಾಡುತ್ತವೆ. ಅಂದರೆ ತಂತಿ ತುಂಡಾದರೆ ಸುಮ್ಮನಿರುತ್ತವೆ. ಅವನ್ನು ಅನುಕೂಲಕ್ಕೆ ಬಳಸಿ, ಸುರಕ್ಷತೆಗೆ ಅಲ್ಲ. ಸ್ಟೆಪ್ಪರ್ ಯಂತ್ರವಾದರೆ ಇ-ಸ್ಟಾಪ್ ನಂತರ ಸ್ಥಾನ ತಪ್ಪಿರುತ್ತದೆ, ಮತ್ತೆ ಹೋಮ್ ಮಾಡದೆ (ಮೂಲ ಸ್ಥಾನಕ್ಕೆ ಒಯ್ದು ಸ್ಥಾನ ಗುರುತಿಸದೆ) ಮುಂದುವರಿಯಲು ಸಾಫ್ಟ್‌ವೇರ್ ಬಿಡಬಾರದು.

ತಂತಿ ಎಳೆಯುವಾಗ

ಗುಂಡಿಗೆ ಹೋಗುವ ಕೇಬಲ್ಲನ್ನು ವಿಎಫ್‌ಡಿ–ಮೋಟಾರ್ ಕೇಬಲ್ಲಿನ ಪಕ್ಕದಲ್ಲಿ ಎಳೆಯಬೇಡಿ. ಎಳೆ ತಂತಿಯ ತುದಿಗೆ ಫೆರೂಲ್ (ಲೋಹದ ಚಿಕ್ಕ ಕೊಳವೆ) ಹಾಕಿ ಕ್ರಿಂಪ್ ಮಾಡಿ, ಸ್ಕ್ರೂ ಬಿಗಿದ ಮೇಲೆ ಒಂದೊಂದನ್ನೂ ಜಗ್ಗಿ ನೋಡಿ. ಚಲಿಸುವ ಡ್ರ್ಯಾಗ್ ಚೈನಿನಲ್ಲಿ ಹೋಗುವುದಾದರೆ ಅದಕ್ಕೆಂದೇ ಮಾಡಿದ ಫ್ಲೆಕ್ಸಿಬಲ್ ಕೇಬಲ್ ಬೇಕು. ಪೆಟ್ಟಿಗೆಗೆ ಕೇಬಲ್ ಬಿಗಿಹಿಡಿಯುವ ಗ್ಲ್ಯಾಂಡ್ ಹಾಕಿ, ಕೇಬಲ್ ಜಗ್ಗಿದರೆ ಆ ಬಲ ಟರ್ಮಿನಲ್ಲಿಗೆ ಹೋಗಬಾರದು. ಎರಡು ತುದಿಗೂ ನಂಬರ್ ಹಾಕಿ, ಅದೇ ನಂಬರಿರುವ ಡ್ರಾಯಿಂಗ್ ಪ್ಯಾನಲ್ ಬಾಗಿಲಿನ ಒಳಗೆ ಇರಲಿ.

ಪರೀಕ್ಷೆ

ಗುಂಡಿ ಒತ್ತಿದೆ, ನಿಂತಿತು ಎನ್ನುವುದು ಪರೀಕ್ಷೆಯ ಆರಂಭ ಅಷ್ಟೆ. ಟೂಲ್ ತೆಗೆದು, ಕಡಿಮೆ ವೇಗದಲ್ಲಿ ಆಕ್ಸಿಸ್ ಓಡಿಸುತ್ತ ಪ್ರತಿ ಗುಂಡಿಯನ್ನೂ ಬೇರೆ ಬೇರೆಯಾಗಿ ಒತ್ತಿ. ಆಮೇಲೆ ಪೂರ್ಣ ವೇಗದಲ್ಲಿ ಒತ್ತಿ, ಎಷ್ಟು ದೂರ ಹೋಗಿ ನಿಂತಿತು ಅಳೆದು ಬರೆದಿಡಿ. ಸ್ಪಿಂಡಲ್ ನಿಲ್ಲಲು ಹಿಡಿಯುವ ಸಮಯವನ್ನೂ ಗಡಿಯಾರ ನೋಡಿ ಬರೆಯಿರಿ.

ಇನ್ನು ದೋಷಗಳನ್ನು ನೀವೇ ಹುಟ್ಟಿಸಿ. ಪ್ರತಿ ಸಲವೂ ಮೇನ್ ಆಫ್ ಮಾಡಿ ಬದಲಾವಣೆ ಮಾಡಿ, ಮತ್ತೆ ಆನ್ ಮಾಡಿ. ಒಂದು ಚಾನಲ್ಲಿನ ತಂತಿ ಬಿಚ್ಚಿ: ರೀಸೆಟ್ ಆಗಬಾರದು. ಗುಂಡಿಯ ಹತ್ತಿರ ಎರಡು ಚಾನಲ್‌ಗಳ ನಡುವೆ ಒಂದು ತುಂಡು ತಂತಿ ಹಾಕಿ: ರಿಲೇ ದೋಷ ತೋರಿಸಬೇಕು. ಕೆ1ರ ಫೀಡ್‌ಬ್ಯಾಕ್ ತಂತಿ (ಐದನೆಯ ಹೆಜ್ಜೆಯ ಎನ್‌ಸಿ ತಂತಿ) ಬಿಚ್ಚಿ: ರೀಸೆಟ್ ಆಗಬಾರದು. ರೀಸೆಟ್ ಗುಂಡಿಯನ್ನು ಒತ್ತಿಯೇ ಹಿಡಿದು ಇ-ಸ್ಟಾಪ್ ಬಿಡಿಸಿ: ಯಂತ್ರಕ್ಕೆ ಪವರ್ ಬರಬಾರದು. ಪ್ರೋಗ್ರಾಂ ಓಡುತ್ತಿರುವಾಗ ಮೇನ್ ಆಫ್ ಮಾಡಿ ಮತ್ತೆ ಆನ್ ಮಾಡಿ: ಯಾವುದೂ ತಾನಾಗಿ ಅಲುಗಬಾರದು. ಕಂಪ್ಯೂಟರ್ ಕೇಬಲ್ ಕಿತ್ತು ಗುಂಡಿ ಒತ್ತಿ: ಆಗಲೂ ಪವರ್ ಬೀಳಬೇಕು. ಪರೀಕ್ಷೆಗೆ ಹಾಕಿದ ತಂತಿಗಳನ್ನೆಲ್ಲ ತೆಗೆದಿರಾ ಎಂದು ಎಣಿಸಿ ನೋಡಿ. ಇದಕ್ಕೆ ಕಣ್ಣಿಗೆ ಹೊಡೆಯುವ ಬಣ್ಣದ ತಂತಿಯನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಬಳಕೆಯಲ್ಲಿರುವ ಯಂತ್ರದಲ್ಲಿ ತಿಂಗಳಿಗೊಮ್ಮೆ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ, ನಿಲ್ಲುವ ದೂರವನ್ನು ಮೊದಲು ಬರೆದಿಟ್ಟದ್ದರ ಜತೆ ಹೋಲಿಸಿ. ಡ್ರೈವ್, ಕಾಂಟ್ಯಾಕ್ಟರ್, ಕೇಬಲ್ ಇವುಗಳಲ್ಲಿ ಯಾವುದನ್ನು ಬದಲಾಯಿಸಿದರೂ ಮೇಲಿನ ಪರೀಕ್ಷೆಯನ್ನು ಮೊದಲಿನಿಂದ ಪೂರ್ತಿ ಮಾಡಿ, ತಾರೀಕು ಹಾಕಿ ಆ ಡ್ರಾಯಿಂಗ್ ಹಾಳೆಯ ಮೇಲೇ ಬರೆಯಿರಿ.